ಒಣಗದ ಮಡಿ ಸೀರೆ

ಬಿಸಿಲು ಕಾದರೂ ಗಾಳಿ ಬೀಸಿದರೂ ಸತ್ತವರ ಬಟ್ಟೆ ಮಾತ್ರ ತಾನಾಗಿ ಒಣಗದಂಥ ಊರೊಂದಿತ್ತು. ಬದುಕಿದ್ದವರ ಬಟ್ಟೆ ಅಲ್ಲೂ ಎಲ್ಲ ಊರಿನ ಹಾಗೆಯೇ ಒಣಗುತ್ತಿತ್ತು. ಬೆಳಿಗ್ಗೆ ಹರವಿದ ಪಂಚೆ ಮಧ್ಯಾಹ್ನಕ್ಕೆ ಹಪ್ಪಳದಂತೆ ಗರಿಗರಿಯಾಗುತ್ತಿತ್ತು. ಆದರೆ ಯಾರಾದರೂ ಕಣ್ಣು ಮುಚ್ಚಿದರೆ, ಅವರು ಕೊನೆಯದಾಗಿ ಉಟ್ಟ ಬಟ್ಟೆಯನ್ನು ಹೊಳೆಯಲ್ಲಿ ಅದ್ದಿ, ಮರಳದಂಡೆಯ ಎತ್ತರದ ಬಿದಿರ ಗಳುವಿನ ಮೇಲೆ ಹರವುತ್ತಿದ್ದರು. ಅದು ಒಣಗುತ್ತಿದ್ದುದು ನಗುವಿಗೆ ಮಾತ್ರ.

ಊರಿನವರು ಬಂದು ಗಳುವಿನ ಕೆಳಗೆ ಕೂರಬೇಕು. ಹೋದವರ ಸುದ್ದಿ ಆಡಬೇಕು. ಹೊಗಳಿದರೆ ಬಟ್ಟೆ ಇನ್ನಷ್ಟು ನೆನೆಯುತ್ತಿತ್ತು. ಅತ್ತರೂ ನೆನೆಯುತ್ತಿತ್ತು. ಹಗೆ ಇಟ್ಟುಕೊಂಡು ಆಡಿಕೊಂಡರೆ ಕಲೆ ಬೀಳುತ್ತಿತ್ತು. ಹೋದವರ ಕಾಲನ್ನು ಅಕ್ಕರೆಯಿಂದ ಎಳೆದು, ಅವರ ಹಟ, ಚಪಲ, ಕಳ್ಳಾಟಗಳನ್ನು ನೆನೆದು, ಕೂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರೆ, ಆಗ ಬಟ್ಟೆ ಒಂದು ಅಂಚಿನಿಂದ ಒಣಗುತ್ತಾ ಬರುತ್ತಿತ್ತು.

ಒಣಗಿದ ಬಟ್ಟೆ ಮನೆಗೆ ಬರುತ್ತಿತ್ತು. ಅಂದೇ ಆ ಮನೆಯ ಒಲೆ ಹೊತ್ತುತ್ತಿತ್ತು. ಅಲ್ಲಿಯವರೆಗೆ ನೆರೆಯವರು ಕೊಟ್ಟ ಊಟವೇ ಗತಿ. ಕೆಲವರು ಬಟ್ಟೆಯನ್ನು ಕೌದಿಗೆ ಸೇರಿಸಿ ಹೊಲಿಯುತ್ತಿದ್ದರು, ಕೆಲವರು ತೊಟ್ಟಿಲಿಗೆ ಕಟ್ಟುತ್ತಿದ್ದರು, ಕೆಲವರು ಬಿಸಿ ಪಾತ್ರೆ ಇಳಿಸುವುದಕ್ಕೆ ಇಟ್ಟುಕೊಳ್ಳುತ್ತಿದ್ದರು. ಹೀಗೆ ಸತ್ತವರು ತಮ್ಮ ಮನೆಯಲ್ಲೇ, ತಮ್ಮವರ ಕೈಯಲ್ಲೇ, ನಿಧಾನವಾಗಿ ಸವೆಯುತ್ತಿದ್ದರು.

ಅಮಾವಾಸ್ಯೆಯ ಹೊತ್ತು ಮುಳುಗುವುದರೊಳಗೆ ಒಣಗದ ಬಟ್ಟೆ ಮಾತ್ರ ಮನೆಗೆ ಬರುತ್ತಿರಲಿಲ್ಲ. ಅದು ಗುಡ್ಡದ ಮೇಲಿನ ಪೂಜ್ಯರ ಮಂಟಪಕ್ಕೆ ಹೋಗುತ್ತಿತ್ತು.

ಆ ಊರಿನಲ್ಲಿ ಒಬ್ಬಳು ಅಜ್ಜಿ ಇದ್ದಳು. ಅವಳಂಥ ಭಕ್ತೆ ಹೊಳೆಯ ಈಚೆ ದಡದಲ್ಲೂ ಇರಲಿಲ್ಲ, ಆಚೆ ದಡದಲ್ಲೂ ಇರಲಿಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಬಾವಿಯ ತಣ್ಣೀರು ಸುರಿದುಕೊಂಡು, ಯಾರ ಕೈಯೂ ಸೋಕದ ಹಾಗೆ ಎತ್ತರದಲ್ಲಿ ಒಣಹಾಕಿದ್ದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟು, ದೇವರ ಮುಂದೆ ಕೂರುತ್ತಿದ್ದಳು. ದೇವರೆಂದರೆ ಅಂಗೈಯಷ್ಟು ಎತ್ತರದ ಹಿತ್ತಾಳೆಯ ಕೃಷ್ಣ. ಕೊಳಲು ಯಾವ ಕಾಲದಲ್ಲೋ ಮುರಿದುಹೋಗಿ, ಬೆರಳುಗಳು ಸುಮ್ಮನೆ ಗಾಳಿಯಲ್ಲಿ ಆಡುತ್ತಿದ್ದವು.

ಅಜ್ಜಿ ಸತ್ತದ್ದೂ ಅವನ ಮುಂದೆಯೇ. ಬತ್ತಿ ಹೊಸೆಯುತ್ತಾ ಕೂತವಳು ಹಾಗೆಯೇ ಗೋಡೆಗೆ ಒರಗಿದಳು. ಮೊಮ್ಮಗಳು ಬಂದು ನೋಡುವಾಗ ಬತ್ತಿ ಬೆರಳ ನಡುವೆಯೇ ಇತ್ತು.

ಮೊಮ್ಮಗಳು ಅಜ್ಜಿಯ ಕೈಯಲ್ಲೇ ಬೆಳೆದವಳು. ತಾಯಿಯ ಮುಖ ಅವಳಿಗೆ ನೆನಪಿಲ್ಲ. ಈಗ ಅವಳ ತಲೆಯಲ್ಲೂ ಅಲ್ಲೊಂದು ಇಲ್ಲೊಂದು ಬಿಳಿಕೂದಲು. ಊರಿನ ಹೆಣ್ಣುಮಕ್ಕಳಿಗೆ ಹಾಡು ಕಲಿಸಿಕೊಂಡು ಅಜ್ಜಿಯ ಜೊತೆಗೇ ಇದ್ದಳು. ಅವಳೇ ಅಜ್ಜಿಯ ಮಡಿ ಸೀರೆಯನ್ನು ಹೊಳೆಯಲ್ಲಿ ಅದ್ದಿ ಗಳುವಿಗೆ ಹಾಕಿಸಿದಳು.

ಊರಿಗೆ ಊರೇ ಮರಳದಂಡೆಗೆ ಬಂತು. ಬಂದವರೆಲ್ಲ ಕೈ ಮುಗಿದರು.

"ಪುಣ್ಯವಂತೆ. ದೇವರ ಮುಂದೆ ಕೂತು ಪ್ರಾಣ ಬಿಟ್ಟಳು," ಎಂದ ಹಾಲಿನವನು.

ಸೀರೆ ತೊಟ್ಟಿಕ್ಕಿತು.

"ಹುಟ್ಟಿದಾಗಿನಿಂದ ಒಂದು ಸುಳ್ಳು ಆಡಿದವಳಲ್ಲ," ಎಂದ ಪುರಾಣ ಓದುವ ಪುರಾಣಿಕ.

ಸೀರೆ ತೊಟ್ಟಿಕ್ಕಿತು.

"ಮಾತೃದೇವತೆ! ನಮ್ಮಮ್ಮ ಮನುಷ್ಯಳೇ ಅಲ್ಲ!" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದ ಅಜ್ಜಿಯ ಮಗ, ಎಂದರೆ ಮೊಮ್ಮಗಳ ಸೋದರಮಾವ. ಸೀರೆಯಿಂದ ಧಾರೆಯೇ ಇಳಿದು ಅವನ ಬೋಳುತಲೆಯ ಮೇಲೆ ಬಿತ್ತು. ಅವನು ಅದನ್ನು ತೀರ್ಥದಂತೆ ಸವರಿಕೊಂಡ.

ಗಳು ಕಾಯುವ ತಾತ ತಲೆ ಕೆರೆದುಕೊಂಡ. "ಏನ್ರಪ್ಪಾ, ಎಲ್ಲರೂ ಬಿಂದಿಗೆ ತಂದು ಸುರೀತಾ ಇದ್ದೀರಲ್ಲ! ಒಬ್ಬರಾದರೂ ಆಯಮ್ಮನ ಒಂದು ತಂಟೆ ಹೇಳಿ. ತಂಟೆ ಇಲ್ಲದ ಮುದುಕಿ ಎಲ್ಲಾದರೂ ಉಂಟಾ?"

ಅಷ್ಟು ದೊಡ್ಡ ಭಕ್ತೆಯ ಕಾಲೆಳೆಯುವುದು ಹೇಗೆ? ಪಾಪ ಬಂದೀತು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮರುದಿನವೂ ಬಂದರು, ಕೈ ಮುಗಿದರು, ಹೊಗಳಿದರು. ಅದರ ಮರುದಿನವೂ. ಸೀರೆಯ ಕೆಳಗಿನ ಮರಳು ಕುಳಿಯಾಗಿ ನೀರು ನಿಂತಿತು. ಅದರಲ್ಲಿ ಕಪ್ಪೆ ಬಂದು ಕೂತಿತು.

ಮಾವನಿಗೆ ಇದರಿಂದ ಬೇಸರವೇನೂ ಇರಲಿಲ್ಲ. "ಪುಟ್ಟಿ, ನಮ್ಮ ಮನೆತನದಿಂದ ಒಬ್ಬರು ಮಂಟಪ ಸೇರೋದು ಅಂದರೆ ಸಾಮಾನ್ಯವೇನೇ? ಅಮ್ಮನ ಹೆಸರು ಕೆತ್ತೋದಕ್ಕೆ ಕಲ್ಲು ಆರಿಸಿ ಬಂದಿದ್ದೀನಿ. ಹೆಸರಿನ ಮುಂದೆ 'ಮಹಾಸಾಧ್ವಿ' ಅಂತ ಹಾಕೋದಾ, 'ಪರಮಪೂಜ್ಯೆ' ಅಂತಲಾ?"

"ಎರಡೂ ಹಾಕಿದರೆ ಅಜ್ಜಿಗೆ ಜಾಗ ಉಳಿಯುತ್ತಾ ಮಾವ?" ಎಂದಳು ಮೊಮ್ಮಗಳು.

ಮಾವ ಅದನ್ನು ಕಲ್ಲಿನ ಅಳತೆಯ ಪ್ರಶ್ನೆ ಎಂದುಕೊಂಡು ಯೋಚನೆಗೆ ಬಿದ್ದ.

ಮೊಮ್ಮಗಳಿಗೂ ಮೊದಮೊದಲು ಇದು ಸರಿಯೆಂದೇ ಕಂಡಿತ್ತು. ಅಜ್ಜಿಯಂಥವಳು ಪೂಜ್ಯಳಾಗದೆ ಇನ್ನು ಯಾರು ಆಗಬೇಕು? ಆದರೂ ಸೀರೆ ಹೋಗಿ ಇರುವ ಜಾಗವನ್ನು ಒಮ್ಮೆ ಕಣ್ಣಾರೆ ನೋಡಿ ಬರೋಣ ಎಂದು ಅವಳು ಗುಡ್ಡ ಹತ್ತಿದಳು.

ಮಂಟಪ ತಂಪಾಗಿತ್ತು. ಕಂಬದಿಂದ ಕಂಬಕ್ಕೆ ಕಟ್ಟಿದ ಹಗ್ಗಗಳ ಮೇಲೆ ಪೂಜ್ಯರ ಬಟ್ಟೆಗಳು ಸಾಲಾಗಿ ತೂಗುತ್ತಿದ್ದವು. ಧೋತರ, ಸೀರೆ, ಶಲ್ಯ. ಎಲ್ಲವೂ ಒದ್ದೆ, ಎಲ್ಲವೂ ಒಂದೇ ಪಾಚಿಯ ಬಣ್ಣ. ಎಲ್ಲೆಲ್ಲೂ ತೊಟ್ಟಿಕ್ಕುವ ಸದ್ದು. ಮಂಟಪದ ಪರಿಚಾರಕ ಕೊರಳಿಗೆ ಉಣ್ಣೆ ಬಟ್ಟೆ ಸುತ್ತಿಕೊಂಡು ಸೀನುತ್ತಾ ಕೂತಿದ್ದ.

ಅವಳು ಒಂದು ಸೀರೆಯ ಮುಂದೆ ನಿಂತು ಕೇಳಿದಳು. "ಇವರು ಹೇಗಿದ್ದರು?"

"ಪೂಜ್ಯರಾಗಿದ್ದರು," ಎಂದ ಪರಿಚಾರಕ.

"ಅದಲ್ಲ. ಅವರಿಗೆ ಏನು ಇಷ್ಟವಾಗಿತ್ತು? ಕೋಪ ಬಂದರೆ ಏನು ಮಾಡುತ್ತಿದ್ದರು?"

"ಪೂಜ್ಯರಿಗೆ ಇಷ್ಟ, ಕೋಪ ಎಲ್ಲ ಇರುತ್ತವೇನಮ್ಮಾ?" ಅವನು ಸೀನಿ ಮೂಗು ಒರೆಸಿಕೊಂಡ. "ವರ್ಷಕ್ಕೊಂದು ದಿನ ಹಾರ ಹಾಕುತ್ತೇವೆ. ಮುಟ್ಟುವ ಹಾಗಿಲ್ಲ."

"ಇವರ ಮನೆಯವರು ಬರುತ್ತಾರಾ?"

"ಮೊದಲು ಬರುತ್ತಿದ್ದರು. ಈಗ ಇದರಲ್ಲಿ ತಮ್ಮವರು ಯಾರು ಅಂತ ಅವರಿಗೆ ಗುರುತು ಹತ್ತುವುದಿಲ್ಲ. ಯಾವುದಾದರೂ ಒಂದಕ್ಕೆ ಕೈ ಮುಗಿದು ಹೋಗುತ್ತಾರೆ."

ಮೊಮ್ಮಗಳು ದಡದಡನೆ ಗುಡ್ಡ ಇಳಿದಳು. ಅಜ್ಜಿಯ ಸೀರೆ ಇನ್ನೊಂದು ಪಾಚಿಯ ಬಣ್ಣದ ಸೀರೆಯಾಗಿಬಿಟ್ಟರೆ? ನಾಳೆ ತಾನೇ ಬಂದು ಯಾವುದೋ ಧೋತರಕ್ಕೆ ಕೈ ಮುಗಿದು ಹೋಗುವಂತಾದರೆ? ಅವಳು ನೇರ ಮರಳದಂಡೆಗೆ ಓಡಿದಳು. ಗಳುವಿನ ಕೆಳಗೆ ನಿಂತು, ಅಜ್ಜಿಯ ಮೇಲೆ ಒಂದು ತಮಾಷೆ ಮಾಡೇಬಿಡುತ್ತೇನೆ ಎಂದು ಬಾಯಿ ತೆರೆದಳು.

"ನಮ್ಮಜ್ಜಿ... ನಮ್ಮಜ್ಜಿ ಎಷ್ಟು ಒಳ್ಳೆಯವಳು ಅಂದರೆ..."

ಸೀರೆ ದಬದಬನೆ ಸುರಿಯಿತು.

"ಮುಚ್ಚವ್ವಾ ಬಾಯಿ!" ಎಂದು ಗಳುವಿನ ತಾತ ಕೂಗಿದ. "ಎಲ್ಲರಿಗಿಂತ ನೀನೇ ಹೆಚ್ಚು ನೆನೆಸ್ತೀಯ."

ಅವಳು ಮರಳಿನ ಮೇಲೆ ಕುಸಿದು ಕೂತಳು. ಅಮಾವಾಸ್ಯೆಗೆ ಒಂದೇ ದಿನ ಉಳಿದಿತ್ತು.

ತಾತ ಮೆಲ್ಲಗೆ ಪಕ್ಕದಲ್ಲಿ ಬಂದು ಕೂತ. "ಒಂದು ಮಾತು ಕೇಳ್ತೀನಿ. ನಿಮ್ಮಜ್ಜಿ ಜೊತೆ ಜಗಳ ಆಡಿದವರು ಈ ಊರಲ್ಲಿ ಯಾರೂ ಇಲ್ವಾ?"

ಇದ್ದಳು. ಆಚೆಮನೆಯ ಅತ್ತೆ. ಇಬ್ಬರ ಹಿತ್ತಿಲ ನಡುವೆ ಮೊಳಕಾಲೆತ್ತರದ ಗೋಡೆ. ಆ ಗೋಡೆಯ ಮೇಲೆ ಬೆಳಗೂ ಬೈಗೂ ಜಗಳ. ಅಜ್ಜಿ ಸತ್ತಾಗಿನಿಂದ ಆಚೆಮನೆಯ ಅತ್ತೆ ದಂಡೆಯ ಕಡೆ ಸುಳಿದಿರಲಿಲ್ಲ. ದಿನಾ ಊಟ ಮಾತ್ರ ಕಳಿಸುತ್ತಿದ್ದಳು, ಅದೂ ಉಪ್ಪು ಹೆಚ್ಚಾದ ಸಾರು.

ಮೊಮ್ಮಗಳು ಅವಳ ಮನೆಗೆ ಹೋದಾಗ ಅತ್ತೆ ಒಲೆಯ ಮುಂದೆ ಕೂತು, ಸೌಟು ಹಿಡಿದುಕೊಂಡೇ ಅಳುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚುತ್ತಿದ್ದುದು ಯಾಕೆಂದು ಮೊಮ್ಮಗಳಿಗೆ ಆಗ ತಿಳಿಯಿತು.

"ಯಾಕತ್ತೆ ದಂಡೆಗೆ ಬರಲಿಲ್ಲ ನೀವು?"

"ಏನಂತ ಬರಲೇ? ಎಲ್ಲರೂ ಅಷ್ಟು ಚೆನ್ನಾಗಿ ಹೊಗಳ್ತಾರೆ. ನನ್ನ ಬಾಯಿ ತೆರೆದರೆ ನಿಮ್ಮಜ್ಜಿಗೆ ಬೈಗುಳವೇ ಬರೋದು. ಅಭ್ಯಾಸ ಆಗಿಹೋಗಿದೆ. ಸತ್ತವಳ ಮುಂದೆ ನಿಂತು, ಏ ಕಳ್ಳೀ ಅನ್ನಲಾ?"

"ಅನ್ನಿ ಅತ್ತೆ," ಎಂದು ಮೊಮ್ಮಗಳು ಅವಳ ಎರಡೂ ಕೈ ಹಿಡಿದುಕೊಂಡಳು. "ದಯವಿಟ್ಟು ಬಂದು ಅನ್ನಿ."

ಅಮಾವಾಸ್ಯೆಯ ದಿನ ಮಧ್ಯಾಹ್ನವೇ ಊರು ದಂಡೆಯ ಮೇಲೆ ನೆರೆಯಿತು. ಮಾವ ಹೊಸ ಶಲ್ಯ ಹೊದ್ದು, ಮಂಟಪಕ್ಕೆ ಹೊರುವುದಕ್ಕೆಂದು ಪಲ್ಲಕ್ಕಿಯನ್ನೇ ತರಿಸಿದ್ದ. ಆಗ ಆಚೆಮನೆಯ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಬಂದಳು. ತಲೆಯೆತ್ತಿ ಸೀರೆ ನೋಡಿದಳು.

"ಏ ಕಳ್ಳೀ!"

ಜನ ಹಾ ಎಂದರು. ಮಾವನ ಶಲ್ಯ ಜಾರಿತು.

"ನಿನ್ನ ಕೃಷ್ಣನಿಗೆ ದಿನಾ ಬೆಳಿಗ್ಗೆ ಯಾರ ಮನೆ ಹೂವೇ? ನನ್ನ ಗಿಡದ್ದು! ಕತ್ತಲಲ್ಲಿ ಕೋಲು ಹಿಡಿದು ಗೋಡೆ ಮೇಲಿಂದ ಬಗ್ಗಿ ನನ್ನ ಮಲ್ಲಿಗೆಯೆಲ್ಲ ಬೋಳಿಸ್ತಿದ್ದಳು, ಕೇಳಿ. ಒಂದು ದಿನ ಕೈ ಹಿಡಿದೆ. ನಾಚಿಕೆಯಾಗಲ್ವಾ ಅಂದೆ. ಏನಂದಳು ಗೊತ್ತಾ? 'ಮಡಿಯಲ್ಲಿದ್ದೀನಿ, ಮುಟ್ಟಿಬಿಟ್ಟೆಯಲ್ಲ! ಈಗ ಮತ್ತೆ ಸ್ನಾನ ಮಾಡಿ ಬರಬೇಕು. ಅಷ್ಟರಲ್ಲಿ ನೀನೇ ಹೂವು ಬಿಡಿಸಿಟ್ಟಿರು' ಅಂದಳು!"

ಹಾಲಿನವನ ಬಾಯಿಂದ ಪುಸಕ್ಕನೆ ಒಂದು ನಗು ಹಾರಿತು. ಅವನು ಬಾಯಿ ಮುಚ್ಚಿಕೊಂಡ. ಮೇಲೆ ಸೀರೆಯ ಒಂದು ಅಂಚು, ಬೆರಳಗಲದಷ್ಟು, ಒಣಗಿ ತಿಳಿಯಾಯಿತು.

"ಬಿಡಿಸಿಟ್ಟಿರಾ?" ಎಂದು ಯಾರೋ ಕೇಳಿದರು.

"ಬಿಡಿಸಿಟ್ಟೆ ಕಣ್ರೀ! ಅವಳ ಉಪವಾಸ ಇನ್ನೊಂದು. ಏಕಾದಶಿ ದಿನ ಆಕೆ ತಿಂದಷ್ಟು ಹಬ್ಬದ ದಿನವೂ ನಾನು ತಿಂದಿಲ್ಲ. ಅವಲಕ್ಕಿ ಒಂದು ಬಟ್ಟಲು, ಬಾಳೆಹಣ್ಣಿನ ರಸಾಯನ, ಕಾಯಿಹಾಲು, ಮೇಲೆ ಹುರಿದ ಕಡಲೆಬೀಜ. ಇಷ್ಟೂ ಮುಗಿಸಿ ತೇಗಿ, ಗೋಡೆ ಮೇಲಿಂದ ನನ್ನ ಕರೆದು, 'ಉಪವಾಸ ಅಲ್ವೇನೇ, ಬಲು ನಿತ್ರಾಣ' ಅನ್ನೋಳು."

ಈಗ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಬಗ್ಗಿಬಿಟ್ಟರು. ಸೀರೆಯ ಮೇಲೆ ಒಣ ಅಂಚು ಹರಡಿತು. ಪುರಾಣಿಕನಿಗೂ ಧೈರ್ಯ ಬಂತು. ಅವನು ಗಂಟಲು ಸರಿಮಾಡಿಕೊಂಡ.

"ಹೇಳಬಾರದು ಅಂದುಕೊಂಡಿದ್ದೆ. ನನ್ನ ಪುರಾಣಕ್ಕೆ ಆಕೆ ಎಲ್ಲರಿಗಿಂತ ಮೊದಲು ಬಂದು ಮುಂದೆ ಕೂರೋರು. ಕೂತ ಕೂಡಲೇ ಗೊರಕೆ. ನಾನು ಅಲ್ಲಿ ಯುದ್ಧ ಹೇಳಬೇಕು. ಆಕೆಯ ಗೊರಕೆ ಕೇಳಿ ಜನ ರಥ ಬಂತು ಅಂದುಕೊಳ್ಳೋರು. ಇರಲಿ, ನಿದ್ದೆ ಮಾಡ್ತಿದ್ದಾರಲ್ಲ ಅಂತ ಒಂದು ಸಲ ಬೇಗ ಮುಗಿಸೋಣ ಎಂದು ನಡುವೆ ಒಂದು ಪದ್ಯ ಹಾರಿಸಿದೆ. ಕಣ್ಣೂ ಬಿಡದೆ, 'ಒಂದು ಹಾರಿಸಿದಿರಿ ಆಚಾರ್ರೇ, ಹಿಂದಕ್ಕೆ ಹೋಗಿ' ಅಂದರು!"

ನಗು ದಂಡೆಯ ಮೇಲಿಂದ ಎದ್ದು ಹೊಳೆಗೆ ತಾಗಿ ಮರಳಿ ಬಂತು. ಸೀರೆ ಅರ್ಧ ಒಣಗಿ ಗಾಳಿಗೆ ಪಟಪಟ ಎಂದಿತು. ಹಾಲಿನವನು ಎದ್ದು, ಅಜ್ಜಿ ದೇವರ ಪಾಯಸದ ರುಚಿಯನ್ನು ಮೊದಲು ತಾನೇ ನೋಡುತ್ತಿದ್ದುದನ್ನು ಹೇಳಿದ. "ನಾನು ಕೇಳಿದೆ, ಎಂಜಲಾಗಲ್ವಾ ತಾಯೀ ಅಂತ. 'ಸಕ್ಕರೆ ಕಡಿಮೆಯಾಗಿ ಅವನು ಮುಖ ಸಿಂಡರಿಸಿದರೆ ಸಮಾಧಾನ ಮಾಡೋಕೆ ನೀನು ಬರ್ತೀಯಾ?' ಅಂದರು."

ಮಾವ ಮಾತ್ರ ತುಟಿ ಬಿಗಿಹಿಡಿದು ಪಲ್ಲಕ್ಕಿಗೆ ಒರಗಿ ನಿಂತಿದ್ದ. ಅವನ ಗಲ್ಲ ನಡುಗುತ್ತಿತ್ತು. ಅಳುತ್ತಿದ್ದಾನೆಂದು ಜನ ತಿಳಿದರು. ಅವನು ಒಂದು ಸಲ ಕೆಮ್ಮಿದ, ಇನ್ನೊಂದು ಸಲ ಕೆಮ್ಮಿದ, ಕೊನೆಗೆ ತಡೆಯಲಾರದೆ ಹೇಳಿಬಿಟ್ಟ.

"ನಮ್ಮ ಕಂದು ಹಸು ತಪ್ಪಿಸಿಕೊಂಡಿತ್ತು. ನಾನಾಗ ಚಿಕ್ಕವನು. ಅಮ್ಮ ನೇರ ದೇವರ ಮನೆಗೆ ಹೋದಳು. 'ಗೋಪಾಲ ಅಂತ ಹೆಸರು ಬೇರೆ ಇಟ್ಕೊಂಡಿದ್ದೀಯ, ಒಂದು ಹಸು ಕಾಯೋಕೆ ಆಗಲಿಲ್ವಲ್ಲೋ ನಿನಗೆ! ಕೊಳಲು ಕಳೆದುಕೊಂಡೆ, ಸುಮ್ಮನಿದ್ದೆ. ಈಗ ಹಸುವೂ ಹೋಯ್ತಾ? ಅದು ಬರೋವರೆಗೆ ಗೋಡೆ ನೋಡ್ತಾ ಕೂತಿರು' ಅಂತ ಅವನನ್ನು ತಿರುಗಿಸಿ ಕೂರಿಸಿಬಿಟ್ಟಳು! ಸಂಜೆ ಹಸು ತಾನಾಗಿ ಬಂತು. ಅಮ್ಮ ಅವನನ್ನು ಮೆಲ್ಲಗೆ ಈಚೆ ತಿರುಗಿಸಿ, ಎರಡು ಪಾಲು ಬೆಣ್ಣೆ ಇಟ್ಟು, 'ಆಯ್ತು ಬಿಡೋ, ಮುಖ ಗಂಟು ಹಾಕ್ಕೋಬೇಡ' ಅಂದಳು. ನಾನು ಬಾಗಿಲ ಸಂದಿಯಿಂದ ನೋಡಿದ್ದೆ."

ಹೇಳುತ್ತಾ ಹೇಳುತ್ತಾ ಮಾವ ಮರಳಿನ ಮೇಲೆ ಕೂತುಬಿಟ್ಟ. ನಕ್ಕು ನಕ್ಕು ಅವನಿಗೆ ಬಿಕ್ಕಳಿಕೆ ಬಂತು. ಪಲ್ಲಕ್ಕಿ ಹೊರುವವರು ಹೊಸ ಶಲ್ಯದಿಂದಲೇ ಅವನಿಗೆ ಗಾಳಿ ಹಾಕಿದರು.

ಸೀರೆ ಒಣಗಿತ್ತು. ಸೆರಗಿನ ಒಂದು ತುದಿ ಮಾತ್ರ ಒಣಗಿರಲಿಲ್ಲ. ಅಲ್ಲಿಂದ ಹನಿಯೊಂದು ಕಟ್ಟಿ, ದೊಡ್ಡದಾಗಿ, ಬೀಳುತ್ತಿತ್ತು. ಮತ್ತೆ ಇನ್ನೊಂದು ಕಟ್ಟುತ್ತಿತ್ತು.

ಹೊತ್ತು ಹೊಳೆಯಾಚೆಯ ಬಂಡೆಗೆ ತಾಗಿತು. ಒಬ್ಬರಾದ ಮೇಲೆ ಒಬ್ಬರು ಇನ್ನೂ ಏನೇನೋ ಹೇಳಿ ನಗಿಸಿದರು. ತುದಿ ಒಣಗಲಿಲ್ಲ.

"ಅದು ನಿನ್ನ ಪಾಲಿನದು ಕಣವ್ವಾ," ಎಂದ ತಾತ ಮೊಮ್ಮಗಳಿಗೆ. "ಅದನ್ನು ಒದ್ದೆ ಮಾಡ್ತಿರೋದೂ ನೀನೇ. ಎಲ್ಲರೂ ನಕ್ಕರು. ನೀನು ನಗಲಿಲ್ಲ."

ಮೊಮ್ಮಗಳು ಎದ್ದು ನಿಂತಳು. ಅವಳಿಗೆ ಹೇಳಲು ಒಂದಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆಡಿದರೆ ಮುಗಿದುಹೋದೀತು ಎಂದು ಬಚ್ಚಿಟ್ಟುಕೊಂಡಿದ್ದಳು.

"ಆಚಾರ್ರೇ, ನೀವು ಅಂದಿರಿ, ಅಜ್ಜಿ ಒಂದು ಸುಳ್ಳು ಆಡಿದವಳಲ್ಲ ಅಂತ. ದಿನಾ ಆಡ್ತಿದ್ದಳು. ಬೆಳಿಗ್ಗೆ ಎದ್ದು, ದೇವರ ಮುಂದೆ ಮೊದಲು ಮಾಡ್ತಿದ್ದ ಕೆಲಸವೇ ಅದು."

ಪುರಾಣಿಕ ಕಿವಿಗೊಟ್ಟು ಮುಂದಕ್ಕೆ ಸರಿದು ಕೂತ.

"ಅಮ್ಮ ಹೋದ ಮೇಲೆ ನನಗೆ ಬೆಳಿಗ್ಗೆ ಎದ್ದ ಕೂಡಲೇ ಯಾರಾದರೂ ಎತ್ತಿಕೊಳ್ಳಬೇಕಿತ್ತು. ಅಜ್ಜಿ ಆ ಹೊತ್ತಿಗೆ ಮಡಿಯಲ್ಲಿರೋಳು. ಮುಟ್ಟೋ ಹಾಗಿಲ್ಲ. ನಾನು ದೇವರ ಮನೆ ಹೊಸಿಲಾಚೆ ಕೂತು ನೋಡ್ತಿದ್ದೆ. ಒಂದು ದಿನ ನನಗೆ ನಿಜವಾಗಿ ಜ್ವರ ಬಂತು. ಅಜ್ಜಿ ಪೂಜೆ ನಡುವೆ ಎದ್ದು ಬಂದು ನನ್ನನ್ನು ಮಡಿಲಲ್ಲಿ ಹಾಕ್ಕೊಂಡಳು. ಹಿಂದಕ್ಕೆ ತಿರುಗಿ ದೇವರಿಗೆ, 'ಸ್ವಲ್ಪ ಕಾಯಿ ಕಣೋ, ಮಗೀಗೆ ಜ್ವರ' ಅಂದಳು. ಆಮೇಲೆ ಬಾವಿಗೆ ಹೋಗಿ ಮತ್ತೆ ತಣ್ಣೀರು ಸುರ್ಕೊಂಡು ಬಂದು ಪೂಜೆ ಮುಗಿಸಿದಳು."

ಹನಿ ಕಟ್ಟಿತು, ಬಿತ್ತು.

"ಮರುದಿನ ನನಗೆ ಜ್ವರ ಇರಲಿಲ್ಲ. ಆದರೂ ಹೊಸಿಲ ಹತ್ತಿರ ಮಲಗಿ ನರಳಿದೆ. ಅಜ್ಜಿ ಬಂದು ಹಣೆ ಮುಟ್ಟಿ ನೋಡಿದಳು. ನನ್ನ ಹಣೆ ಸೌತೆಕಾಯಿ ಹಾಗೆ ತಣ್ಣಗಿತ್ತು. ಅಷ್ಟು ಮಕ್ಕಳನ್ನು ಸಾಕಿದ ಅಂಗೈ ಅದು, ಅದಕ್ಕೆ ಗೊತ್ತಾಗಲ್ವಾ? 'ಅಯ್ಯಯ್ಯೋ, ಕೆಂಡ! ಕೆಂಡ ಸುಡ್ತಾ ಇದೆ!' ಅಂದಳು, ದೇವರಿಗೆ ಕೇಳೋ ಹಾಗೆ ಜೋರಾಗಿ. ನನ್ನನ್ನು ಎತ್ತಿಕೊಂಡಳು. ಆಮೇಲೆ ಮತ್ತೆ ಬಾವಿ, ಮತ್ತೆ ತಣ್ಣೀರು. ಅದರ ಮರುದಿನವೂ ನನಗೆ ಜ್ವರ. ಮಾಗಿ ಚಳಿ ಪೂರ್ತಿ ನನಗೆ ಜ್ವರ. ನಾನು ಗುಂಡಗೆ ಊದಿಕೊಂಡೆ, ಅಜ್ಜಿಗೆ ನೆಗಡಿ ಬಿಡಲಿಲ್ಲ. ಸೀನುತ್ತಾ ಸೀನುತ್ತಾ ದೇವರಿಗೆ, 'ಏನು ಮಾಡ್ಲೋ, ಈ ಮಗು ಬಲು ರೋಗಿಷ್ಠ' ಅಂತಿದ್ದಳು..."

ಅವಳ ಮಾತು ಅಲ್ಲಿ ಕಟ್ಟಿತು. ಅಳುತ್ತಾಳೆ ಎಂದು ಎಲ್ಲರೂ ಸೆರಗಿನ ತುದಿಯನ್ನು ನೋಡಿದರು. ಆದರೆ ಅವಳ ಕಣ್ಣ ಮುಂದೆ ಬಂದು ನಿಂತದ್ದು ಅಜ್ಜಿಯ ಕೆಂಪು ಮೂಗು. ನತ್ತಿನ ಪಕ್ಕದಲ್ಲಿ ಟೊಮ್ಯಾಟೊ ಹಣ್ಣಿನಂತೆ ಕೆಂಪಾದ, ಭಕ್ತಿಯಿಂದ ಸುಳ್ಳು ಹೇಳುವ ಆ ಮೂಗು. ಮೊಮ್ಮಗಳು ನಕ್ಕಳು. ಕಣ್ಣಿಂದ ನೀರು ಸುರಿಯುತ್ತಲೇ ಇತ್ತು, ಅವಳು ನಗುತ್ತಲೇ ಇದ್ದಳು. ಊರು ಅವಳ ಜೊತೆ ನಕ್ಕಿತು. ಆಚೆಮನೆಯ ಅತ್ತೆ, "ಕಳ್ಳಿ, ಸುಳ್ಳಿ!" ಎಂದು ಎರಡೂ ಕೈಯಿಂದ ಮರಳು ಬಡಿದಳು.

ತಾತ ಗಳುವಿನಿಂದ ಸೀರೆ ಇಳಿಸಿ ಮೊಮ್ಮಗಳ ತೋಳಿನ ಮೇಲೆ ಹಾಕಿದ. ಗರಿಗರಿಯಾಗಿತ್ತು. ಹೊತ್ತು ಆಗತಾನೇ ಮುಳುಗಿತು.

ಮಾವ ಖಾಲಿ ಪಲ್ಲಕ್ಕಿಯನ್ನು ವಾಪಸು ಕಳಿಸಿದ. ಆ ಸಂಜೆ ಮನೆಯ ಒಲೆ ಹೊತ್ತಿತು. ಎಲ್ಲರೂ ಬಿಸಿ ಅನ್ನ ಉಂಡರು. ಉಣ್ಣುವಾಗಲೂ ಯಾರಿಗಾದರೂ ಏನಾದರೊಂದು ನೆನಪಾಗಿ ಅನ್ನ ನೆತ್ತಿಗೇರುತ್ತಿತ್ತು. ಮಲಗುವಾಗ ಮೊಮ್ಮಗಳು ಅಜ್ಜಿಯ ಸೀರೆಯನ್ನು ಮಡಿಸಿ ಎರಡು ಪದರ ಮಾಡಿ ಹೊದ್ದುಕೊಂಡಳು. ಎಷ್ಟೋ ದಿನದ ನಿದ್ದೆ ಬಾಕಿ ಇತ್ತು; ಬೆಳಗಾದದ್ದು ಅವಳಿಗೆ ತಿಳಿಯಲಿಲ್ಲ.

ಅಂದಿನಿಂದ ಪೂಜೆ ಮಾವನ ಪಾಲಿಗೆ ಬಂದಿತ್ತು. ಅವನು ಬಾವಿಯ ತಣ್ಣೀರು ಸುರಿದುಕೊಂಡು, ನಡುಗುತ್ತಾ, ಯಾರಿಗೂ ಸೋಕದ ಹಾಗೆ ಎರಡೂ ಕೈ ಮೇಲೆತ್ತಿಕೊಂಡು ದೇವರ ಮನೆಯ ಕಡೆ ಬಂದ. ಹೊಸಿಲ ಹತ್ತಿರ ಮೊಮ್ಮಗಳು ಅಜ್ಜಿಯ ಸೀರೆ ಹೊದ್ದು ಇನ್ನೂ ಮಲಗಿದ್ದಳು. ಮಾವ ದಾಟಿ ಹೋಗಬೇಕೆಂದು ಕಾಲೆತ್ತಿದ. ಎತ್ತಿದ ಕಾಲನ್ನು ಇಳಿಸಿದ. ಹಿತ್ತಾಳೆಯ ಕೃಷ್ಣನ ಕಡೆ ಒಮ್ಮೆ ನೋಡಿದ, ಮೊಮ್ಮಗಳ ಕಡೆ ಒಮ್ಮೆ ನೋಡಿದ. ಆಮೇಲೆ ಮೊಣಕಾಲೂರಿ, ಅವಳ ನರೆತ ಕೂದಲನ್ನು ಪಕ್ಕಕ್ಕೆ ಸರಿಸಿ, ಅಂಗೈಯನ್ನು ಹಣೆಯ ಮೇಲಿಟ್ಟ.

"ಹೂಂ," ಎಂದ, ಒಳಗಿದ್ದವನಿಗೆ ಕೇಳುವಂತೆ ಸ್ವಲ್ಪ ಜೋರಾಗಿಯೇ. "ಇವತ್ತೂ ಸುಡ್ತಾ ಇದೆ."

ಬೋಳುತಲೆ ಸವರಿಕೊಂಡು, ಚಳಿಗೆ ಹಲ್ಲು ಕಚ್ಚಿಕೊಂಡು, ಮಾವ ಮತ್ತೆ ಬಾವಿಯ ಕಡೆ ನಡೆದ.